ಗೋಡೆಗೆ ಒಂದು ಬೇಸಿಗೆ ಕೊಡಬೇಕಿತ್ತು

ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದರೆ ನನಗೆ ಇಂದಿಗೂ ಸಿಟ್ಟು ನೆತ್ತಿಗೇರುತ್ತದೆ. ಹೋದ ವಾರ ಮೈಲೂರಿನಲ್ಲಿರುವ ಮೈದುನನ ಮನೆಗೆ ಹೋಗಿದ್ದೆ. ಬಾಗಿಲಲ್ಲೇ ಆ ವಾಸನೆ. ಬಚ್ಚಲಿಗೆ ಹೊಂದಿಕೊಂಡ ಗೋಡೆಯ ಬುಡ ತೇವ ಹಿಡಿದು ಬಣ್ಣ ಉದುರಿತ್ತಂತೆ. ಅದರ ಮೇಲೆಯೇ ಹೊಸ ಪ್ಲಾಸ್ಟರ್ ಹಾಕಿಸುತ್ತಿದ್ದ. ಕೈಯಲ್ಲಿ ಮೊಬೈಲು. ಅದರೊಳಗೆ ಇಸ್ತ್ರಿ ಅಂಗಿ ತೊಟ್ಟ ಹುಡುಗನೊಬ್ಬ ತೇವದ ಗೋಡೆಗೆ ಏನು ಮಾಡಬೇಕೆಂದು ಪಾಠ ಹೇಳುತ್ತಿದ್ದ. ಮೊದಲು ನೀರು ಎಲ್ಲಿಂದ ಬರುತ್ತದೆ ಹುಡುಕಿ, ಹಳೆಯ ಪ್ಲಾಸ್ಟರ್ ಕೆರೆದು ತೆಗೆಯಿರಿ, ಗೋಡೆ ಪೂರ್ತಿ ಒಣಗಲಿ, ಆಮೇಲೆ ಮುಂದಿನ ಮಾತು... "ನೋಡ್ರಿ ವೈನಿ, ಎಷ್ಟ್ ಛಂದ ಹೇಳ್ತಾನ" ಎಂದ ಮೈದುನ. ಕೇಳುತ್ತಿದ್ದದ್ದು ಒಂದು, ಮಾಡಿಸುತ್ತಿದ್ದದ್ದು ಇನ್ನೊಂದು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಆ ಹುಡುಗ ಹೇಳಿದ ಅಷ್ಟೂ ಮಾತನ್ನು ಇಪ್ಪತ್ತು ವರ್ಷದ ಹಿಂದೆ ನನ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಬ್ಬ ಹೆಂಗಸು ಹೇಳಿದ್ದಳು, ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತುಕೊಂಡೇ. ಹಿತ್ತಲ ಗಿಡ ಮದ್ದಲ್ಲ. ಮೊಬೈಲಿನೊಳಗಿನ ಗಿಡ ಮಾತ್ರ ಮದ್ದು ನಮಗೆ.

ಅವಳನ್ನು ಎಲ್ಲರೂ ಮೌಶಿ ಎನ್ನುತ್ತಿದ್ದರು. ಚಿಕ್ಕಮ್ಮ ಎನ್ನುವುದಕ್ಕೆ ನಮ್ಮ ಕಡೆ ಮರಾಠಿಯಿಂದ ಬಂದ ಮಾತು. ಭಾಲ್ಕಿಯವಳು. ಬೆಳಗಿನ ರೈಲಿಗೆ ಬೀದರಿಗೆ ಬಂದು ಅಡ್ಡಾದಲ್ಲಿ ನಿಲ್ಲುತ್ತಿದ್ದಳು. ಅಡ್ಡಾ ಎಂದರೆ ಗೌಂಡಿಗಳು, ಬಿಗಾರಿಗಳು ಮುಂಜಾನೆ ಕೆಲಸಕ್ಕಾಗಿ ಕಾಯುವ ಚೌಕ. ಥಾಪಿ, ಅಂದರೆ ಕರಣೆ, ಹಿಡಿದು ಗೋಡೆ ಕಟ್ಟುವವನು ಗೌಂಡಿ, ಅವನಿಗೆ ಕಲ್ಲು ಮಣ್ಣು ಹೊತ್ತು ಕೊಡುವವರು ಬಿಗಾರಿ. ಗಂಡಸು ನಾಲ್ಕು ವರ್ಷ ಬಿಗಾರಿಯಾಗಿ ದುಡಿದರೆ ಐದನೆಯ ವರ್ಷ ಥಾಪಿ ಹಿಡಿಯುತ್ತಾನೆ. ಹೆಂಗಸು ನಲವತ್ತು ವರ್ಷ ದುಡಿದರೂ ಬಿಗಾರಿಯೇ. ಹೆಣ್ಣು ಥಾಪಿ ಮುಟ್ಟಿದರೆ ಗೋಡೆ ನಿಲ್ಲುವುದಿಲ್ಲ ಎಂದು ಗೌಂಡಿಗಳು ಹೇಳುತ್ತಿದ್ದರು, ನಾವೂ ಹೌದೌದು ಎನ್ನುತ್ತಿದ್ದೆವು. ನಮ್ಮ ಮನೆಯ ಗೋಡೆ ಯಾರ ಥಾಪಿಯಿಂದ ಬಿತ್ತು ಎಂಬುದನ್ನು ಮುಂದೆ ಹೇಳುತ್ತೇನೆ.

ನನಗಿಂತ ಹತ್ತು ವರ್ಷ ದೊಡ್ಡವಳು, ಆದರೂ ನಾನು ಅವಳನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಬಹುವಚನ ಹಚ್ಚಿ ಮಡಿಯಾಗುವ ಆಸೆ ನನಗಿಲ್ಲ, ಅದಕ್ಕೇ ಇಲ್ಲಿಯೂ ಅವಳು ಎಂದೇ ಬರೆಯುತ್ತಿದ್ದೇನೆ. ಅವಳಿಗೆ ನಾವು ಚಹಾ ಕೊಡುತ್ತಿದ್ದ ಲೋಟ ಬೇರೆ ಇತ್ತು, ಹಿತ್ತಲ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿಟ್ಟಿರುತ್ತಿದ್ದೆವು. ಕುಡಿದು ಅವಳೇ ತೊಳೆದಿಡಬೇಕು. ಪಡಸಾಲೆಯ ಗೋಡೆಯ ಮೇಲೆ ಬಸವಣ್ಣನ ದೊಡ್ಡ ಫೋಟೋ, ಪ್ರತಿ ಸೋಮವಾರ ಅದಕ್ಕೆ ಹೂವು. ಇವೆರಡೂ ಒಂದೇ ಮನೆಯಲ್ಲಿ ಇರಬಾರದೆಂದು ನಮಗೆ ಯಾರಿಗೂ ಹೊಳೆಯಲಿಲ್ಲ.

ನಮ್ಮದು ಬೀದರಿನ ಹಳೆಯ ಊರಿನೊಳಗಿನ ಮನೆ. ಕೆಂಪು ಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ. ಮೊಳ ದಪ್ಪದ ಆ ಗೋಡೆ ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ಆದರೆ ಪಡಸಾಲೆಯ ಪಶ್ಚಿಮದ ಗೋಡೆಯ ಬುಡದಲ್ಲಿ ಎದೆಯ ಮಟ್ಟದವರೆಗೆ ತೇವ ಏರಿ ಗಾರೆ ಪುಡಿಯಾಗಿ ಉದುರುತ್ತಿತ್ತು. ಅದರ ಮೇಲೆ ಬಿಳಿ ಉಪ್ಪು ಹೂವಿನ ಹಾಗೆ ಅರಳಿಕೊಳ್ಳುತ್ತಿತ್ತು. ದಿನಾ ಕಸ ಗುಡಿಸಿದರೂ ಸಂಜೆಗೆ ಮತ್ತೆ ಒಂದು ಹಿಡಿ ಪುಡಿ. ಅದೇ ವರ್ಷ ಮೈದುನನಿಗೆ ಕನ್ಯೆ ಗೊತ್ತಾಯಿತು. ಹೆಣ್ಣಿನವರು ಮನೆ ನೋಡಲು ಬರುವವರಿದ್ದರು. ನಮ್ಮ ಕಡೆ ಮನೆ ನೋಡುವುದೆಂದರೆ ಕುಳಿತು ಚಹಾ ಕುಡಿದು ಹೋಗುವುದಲ್ಲ. ಹೆಣ್ಣಿನ ಸೋದರಮಾವ ಅಡುಗೆಮನೆ, ಬಚ್ಚಲು, ಹಿತ್ತಲು ಎಲ್ಲ ಸುತ್ತಾಡಿ, ಗೋಡೆಯ ಮೇಲೆ ಕೈಯಾಡಿಸಿ, ಆಮೇಲೆ ಎಲೆ ಅಡಿಕೆ ಮುಟ್ಟುತ್ತಾನೆ. ಉಪ್ಪು ಉಗುಳುವ ಆ ಗೋಡೆಯನ್ನು ಬೀಗರಿಗೆ ತೋರಿಸಲು ನನಗೆ ನಾಚಿಕೆ. ನಯವಾದ ಸಿಮೆಂಟ್ ಗೋಡೆ ಬೇಕು, ಅದಕ್ಕೆ ಕೆನೆ ಬಣ್ಣ ಬೇಕು ಎಂದು ಹಟ ಹಿಡಿದವಳು ನಾನು. ಗಂಡ ಅಲ್ಲ, ಅತ್ತೆ ಅಲ್ಲ, ನಾನು.

ಗೌಂಡಿ ಬಂದ. ಬಿಳಿ ಪೈಜಾಮ, ಕಿವಿಯ ಮೇಲೆ ಪೆನ್ಸಿಲು. ಗೋಡೆಯನ್ನು ಎರಡು ಸಲ ಗುದ್ದಿ, "ಫಿಕರ್ ಮಾಡಬ್ಯಾಡ್ರಿ ಅಕ್ಕೋರ. ಮ್ಯಾಲಿನ ಪುಡಿ ಝಾಡಿಸಿ ದಪ್ಪಗ ಸಿಮೆಂಟ್ ಹೊಡೀತೇನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ಲ" ಎಂದ. ನಮ್ಮ ಕಡೆ ಶಾಲೆಯ ಶಿಕ್ಷಕಿಗೆ ಅಕ್ಕೋರು ಎನ್ನುತ್ತಾರೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಆಗ ಬೇಸಿಗೆ ಸೂಟಿ, ದಿನವಿಡೀ ಮನೆಯಲ್ಲೇ ಇದ್ದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಸಿಮೆಂಟಿನ ಒಂದೊಂದು ಚೀಲವನ್ನೂ ನನ್ನ ಕಣ್ಣೆದುರಿಗೇ ಬಿಚ್ಚಿದರು, ನನ್ನ ಕಣ್ಣೆದುರಿಗೇ ಮರಳಿನೊಡನೆ ಕಲೆಸಿದರು. ನನಗೆ ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೇ ಇಲ್ಲ.

ಮೊದಲ ದಿನವೇ, ಗೌಂಡಿ ಬೀಡಿ ಸೇದಲು ಹೊರಗೆ ಹೋದಾಗ, ಮೌಶಿ ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಳು. ಬಿಳಿ ಪುಡಿಯನ್ನು ಬೆರಳಿನಿಂದ ಒರೆಸಿ ನಾಲಿಗೆಯ ತುದಿಗೆ ಹಚ್ಚಿಕೊಂಡಳು. ಥೂ ಎಂದು ಉಗುಳಿ, ಬುಟ್ಟಿ ತುಂಬಿಕೊಂಡು ತಲೆಗೇರಿಸಿ, ಅಡುಗೆಮನೆಯ ಬಾಗಿಲಿಗೆ ಬಂದಳು.

"ಅಕ್ಕೋರ, ಈ ಗ್ವಾಡಿಗಿ ಸಿಮೆಂಟ್ ಹಚ್ಚಬ್ಯಾಡ್ರಿ."

"ಯಾಕ?"

"ಗ್ವಾಡಿ ನೀರು ಕುಡದದ. ನೀರು ಹೊರಗ ಹೋಗ್ಲಾಕ ದಾರಿ ಬೇಕು. ಸಿಮೆಂಟ್ ಹಚ್ಚಿದ್ರ ಮಾರಿ ಮುಚ್ಚಿ ಉಸುರು ಕಟ್ಟಿದಂಗ ಆಗ್ತದ. ಒಳಗಿನ ಉಪ್ಪು ಸಿಮೆಂಟ್‌ನ ದಬ್ಬತದ. ಒಂದಿನ ಹಲಗಿ ಬಿದ್ದಂಗ ಬೀಳ್ತದ ನೋಡ್ರಿ."

ಮತ್ತೇನು ಮಾಡಬೇಕು ಎಂದು ಕೇಳಿದೆ. ಕೇಳಿದ್ದು ಕುತೂಹಲಕ್ಕೆ, ಮಾಡುವ ಮನಸ್ಸಿನಿಂದಲ್ಲ. ಅವಳು ಬುಟ್ಟಿ ಇಳಿಸದೆಯೇ ಹೇಳಿದಳು. ಗೋಡೆಯ ಹಿಂದೆ ಮಾಳಿಗೆಯ ನೀರು ಬುಡಕ್ಕೇ ಬೀಳುತ್ತಿದೆ, ಅದಕ್ಕೆ ನೀರು ಹರಿಯುವ ಉದ್ದನೆಯ ದೋಣಿ ಹಾಕಿ ಎರಡು ಮಾರು ದೂರ ಬೀಳುವ ಹಾಗೆ ಮಾಡಬೇಕು. ಗೋಡೆಗೆ ತಾಗಿಸಿ ಒಟ್ಟಿದ ಮಣ್ಣು, ಪಾತ್ರೆ ತೊಳೆಯುವ ಕಲ್ಲು ಎರಡನ್ನೂ ತೆಗೆಯಬೇಕು. ಒಳಗೆ ಎದೆಮಟ್ಟದವರೆಗೆ ಗಾರೆಯನ್ನು ಕಲ್ಲು ಕಾಣುವಷ್ಟು ಕೆರೆದು, ಒಣ ಬ್ರಶ್ಶಿನಿಂದ ಉಪ್ಪು ಉದುರಿಸಬೇಕು. ನೀರಿನಿಂದ ತೊಳೆಯಲೇಬಾರದು, ತೊಳೆದರೆ ಉಪ್ಪು ಮತ್ತೆ ಒಳಗೆ ಹೋಗಿ ಕೂಡುತ್ತದೆ. ಆಮೇಲೆ ಬಾಗಿಲು ಕಿಟಕಿ ತೆರೆದು ಗೋಡೆಯನ್ನು ಹಾಗೆಯೇ ಬಿಡಬೇಕು. ಒಣಗಿದ ಮೇಲೆ ಸುಣ್ಣ, ಇಟ್ಟಿಗೆಯ ಪುಡಿ ಕಲೆಸಿ ತೆಳ್ಳಗೆ ಮೂರು ಸಲ ಬಳಿಯಬೇಕು. ಪ್ರತಿ ಸಲ ಒದ್ದೆ ಗೋಣಿ ಇಳಿಬಿಟ್ಟು ನಿಧಾನಕ್ಕೆ ಆರಿಸಬೇಕು.

"ಎಷ್ಟ್ ದಿನ ಬಿಡಬೇಕು ಗೋಡೆಯನ್ನ?"

"ಒಂದು ಬ್ಯಾಸಿಗಿ ಕೊಡ್ರಿ ಅದಕ್ಕ. ನಿಮ್ಮ ಗ್ವಾಡಿ ಎಷ್ಟ್ ವರ್ಷದಿಂದ ನೀರು ಕುಡದದೋ ಏನೋ, ಒಂದು ಬ್ಯಾಸಿಗಿ ಹೆಚ್ಚೇನ್ರಿ?"

ಇದೆಲ್ಲ ನಿನಗೆ ಹೇಗೆ ಗೊತ್ತು ಎಂದೆ. ಅವಳ ತಂದೆ ಸುಣ್ಣದ ಕೆಲಸದವನಂತೆ. ಬೀದರಿನ ಹತ್ತಿರದ ಅಷ್ಟೂರಿನ ಹಳೆಯ ಗುಮ್ಮಟಗಳ ದುರಸ್ತಿಗೆ ಹೋಗುತ್ತಿದ್ದ. ಸಣ್ಣವಳಿದ್ದಾಗ ಇವಳು ಅವನ ಜೊತೆ ಸುಣ್ಣ ಅರೆಯುತ್ತಿದ್ದಳು. ಅಪ್ಪ ಕಲಿಸಿದ ಕೆಲಸ ಕೈಯಲ್ಲಿತ್ತು, ಆದರೆ ಆ ಕೈಗೆ ಥಾಪಿ ಕೊಡುವವರು ಯಾರೂ ಇರಲಿಲ್ಲ. ಗೌಂಡಿ ಊಟಕ್ಕೆ ಕುಳಿತಾಗ, ಅವನು ಸರಿಯಾಗಿ ಮುಗಿಸದೆ ಬಿಟ್ಟ ಮೂಲೆಗಳನ್ನು ಅವಳು ಅಂಗೈಯಿಂದಲೇ ತೀಡಿ ಸರಿಮಾಡುವುದನ್ನು ನಾನು ನೋಡಿದ್ದೇನೆ. ಸಿಮೆಂಟ್ ತಿಂದು ಅವಳ ಅಂಗೈ ಬಿರುಕು ಬಿಟ್ಟಿತ್ತು. ಆ ಮೂಲೆಗಳ ಹೊಗಳಿಕೆಯೂ ಗೌಂಡಿಗೇ ಹೋಗುತ್ತಿತ್ತು.

ಹೊರಡುವ ಮೊದಲು ಅವಳು ಇನ್ನೊಂದು ಮಾತು ಹೇಳಿದಳು. "ನೀವ ಹೇಳ್ರಿ ಸಾಹೇಬ್ರಿಗಿ, ನಿಮ್ಮ ಮಾತು ಅಂತ ಹೇಳ್ರಿ. ನಾ ಹೇಳ್ದೆ ಅಂದ್ರ ಗೌಂಡಿ ನಾಳಿ ನನಗ ಕೆಲಸಕ್ಕ ಕರ್ಯಂಗಿಲ್ಲ." ನಾನು ಹೂಂ ಎಂದೆ. ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ.

ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನೇ ಪ್ರತಿ ವರ್ಷ ತೋರಿಸುತ್ತಿದ್ದೆ. ಬಶಿಯಲ್ಲಿ ನೀಲಿ ಮಸಿ ಹಾಕಿ, ಅದರಲ್ಲಿ ಸೀಮೆಸುಣ್ಣದ ತುಂಡು ನಿಲ್ಲಿಸಿದರೆ ಮಸಿ ತಾನಾಗಿ ಮೇಲೇರುತ್ತದೆ. ಸಣ್ಣ ಸಣ್ಣ ರಂಧ್ರಗಳಲ್ಲಿ ನೀರು ಏರುವ ಬಗೆ ಇದು ಎಂದು ಫಲಕದ ಮೇಲೆ ಬರೆಯುತ್ತಿದ್ದೆ. ನನ್ನ ಪಡಸಾಲೆಯ ಗೋಡೆ ಅದೇ ಸೀಮೆಸುಣ್ಣ, ಅಷ್ಟೇ. ಮೌಶಿ ಹೇಳಿದ್ದು ಸರಿ ಎಂದು ನನಗೆ ಆಗಲೇ ಗೊತ್ತಾಗಿತ್ತು. ಓದಿದ ತಲೆಗೆ ಸತ್ಯ ತಿಳಿಯುವುದಿಲ್ಲ ಎಂದಲ್ಲ, ತಿಳಿದರೂ ಅದು ಬೀಗರ ಮುಂದೆ ಬಾಯಿ ಮುಚ್ಚಿಕೊಂಡಿರುತ್ತದೆ. ಕೆರೆದು ಬಿಟ್ಟ ಬೋಳು ಕಲ್ಲಿನ ಗೋಡೆಯನ್ನು ಹೆಣ್ಣಿನ ಸೋದರಮಾವನಿಗೆ ತೋರಿಸುವ ಬದಲು ನಾನು ಕೆನೆ ಬಣ್ಣವನ್ನು ಆರಿಸಿಕೊಂಡೆ.

ಎರಡು ಬೆರಳು ದಪ್ಪ ಸಿಮೆಂಟ್ ಬಿತ್ತು. ಬೀಗರು ಬಂದರು. ಸೋದರಮಾವ ಗೋಡೆಯ ಮೇಲೆ ಕೈಯಾಡಿಸಿ "ಛಲೋ ಅದ, ಕನ್ನಡಿ ಆದಂಗ ಆಗ್ಯಾದ" ಎಂದ. ನನ್ನ ಎದೆ ಉಬ್ಬಿತು. ಎಲೆ ಅಡಿಕೆ ಆಯಿತು, ಮದುವೆಯೂ ಆಯಿತು.

ಶ್ರಾವಣದಲ್ಲಿ ನಾಲ್ಕು ದಿನ ಬಿಡದೆ ಮಳೆ ಹೊಡೆಯಿತು, ಶಾಲೆಗೂ ಸೂಟಿ ಕೊಟ್ಟರು. ಐದನೆಯ ದಿನ ಮಧ್ಯಾಹ್ನ ಊಟದ ನಂತರ ಅತ್ತೆ ಆ ಗೋಡೆಯ ಪಕ್ಕದ ಮಂಚದ ಮೇಲೆ ಮಲಗಿದ್ದರು. ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ. ಧಡ್ ಎಂದು ಶಬ್ದ... ಓಡಿ ಬಂದೆ. ಬಾಗಿಲಿನಷ್ಟು ದೊಡ್ಡ ಸಿಮೆಂಟಿನ ಹಲಗೆ ಇಡಿಯಾಗಿ ಕಳಚಿಕೊಂಡು ಅತ್ತೆಯ ಮೇಲೆ ಬಿದ್ದಿತ್ತು. ಅದರ ಹಿಂದಿನ ಕೆಂಪು ಕಲ್ಲು ತೊಯ್ದ ರೊಟ್ಟಿಯಂತಾಗಿತ್ತು. ಅತ್ತೆಯ ಬಲ ಹೆಗಲು ಮುರಿದಿತ್ತು. ಜೀವ ಉಳಿಯಿತು, ಆದರೆ ಆ ಕೈ ಮತ್ತೆ ತಲೆಯ ಮಟ್ಟಕ್ಕೆ ಏಳಲಿಲ್ಲ.

ಮರುದಿನ ನನ್ನ ಗಂಡ ಗೌಂಡಿಯನ್ನು ಕರೆಸಿದರು. ಅಷ್ಟು ಸಿಟ್ಟಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ಗೌಂಡಿ ಬಿದ್ದ ಹಲಗೆಯ ಚೂರನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಕೆರೆದು, ತಲೆ ಅಲ್ಲಾಡಿಸಿದ. "ಇದ್ರಾಗ ಸಿಮೆಂಟೇ ಇಲ್ಲರೀ ಸಾಹೇಬ್ರ, ಬರೇ ಉಸುಕು. ಮಾಲು ಕಲಿಸಿದಾಕಿ ಆ ಮೌಶಿ. ಬುಟ್ಟಿ ಬುಟ್ಟಿ ಸಿಮೆಂಟ್ ಕದ್ದು ಮಾರಿಕೊಂಡಾಳ. ನಂಬಿ ಕೆಟ್ಟೆ ನಾ" ಎಂದ. ಅವಳನ್ನೂ ಅಡ್ಡಾದಿಂದ ಕರೆತಂದಿದ್ದ, ಇನ್ನಿಬ್ಬರು ಗೌಂಡಿಗಳನ್ನೂ ಸಾಕ್ಷಿಗೆಂದು ಕರೆತಂದಿದ್ದ. ಮೌಶಿ ಅಂಗಳದಲ್ಲಿ ನಿಂತಿದ್ದಳು.

ಅವಳು ಅಳಲಿಲ್ಲ. "ಸುಳ್ಳ ಹೇಳಬ್ಯಾಡ, ನಾಲಿಗಿಗಿ ಹುಳ ಬೀಳ್ತಾವ" ಎಂದು ಗೌಂಡಿಗೆ ಒಂದೇ ಮಾತು ಹೇಳಿ, ನನ್ನ ಕಡೆ ತಿರುಗಿದಳು. "ಅಕ್ಕೋರ, ನೀವ ಹೇಳ್ರಿ." ಮೊದಲ ದಿನ ಅಡುಗೆಮನೆಯ ಬಾಗಿಲಲ್ಲಿ ಹೇಳಿದ ಅದೇ ಮಾತು.

ನಾನು ಹೇಳಿದ್ದರೆ ಆಗುತ್ತಿತ್ತು. ಚೀಲಗಳನ್ನು ನನ್ನ ಎದುರಿಗೇ ಬಿಚ್ಚಿದ್ದು, ಒಂದು ಹಿಡಿಯೂ ಹೊರಗೆ ಹೋಗಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಿದರೆ ಮತ್ತೆ ಯಾಕೆ ಬಿತ್ತು ಎಂಬ ಪ್ರಶ್ನೆ ಬರುತ್ತಿತ್ತು. ಯಾಕೆ ಬೀಳುತ್ತದೆ ಎಂದು ನನಗೆ ಮೂರು ತಿಂಗಳ ಹಿಂದೆಯೇ ಗೊತ್ತಿತ್ತು. ಗೊತ್ತಿದ್ದೂ ಅದೇ ಗೋಡೆಯ ಪಕ್ಕದಲ್ಲಿ ಅತ್ತೆಯ ಮಂಚ ಹಾಕಿದವಳು ನಾನು. ಒಳಗೆ ಅತ್ತೆ ನರಳುವುದು ಕೇಳುತ್ತಿತ್ತು. ನಾನು ಸೆರಗಿನ ತುದಿ ತಿರುವುತ್ತ ನೆಲ ನೋಡಿದೆ. ಬಾಯಿ ಬಿಡಲಿಲ್ಲ.

 ಮೌಶಿ ಮೂಲೆಯಲ್ಲಿದ್ದ ತನ್ನ ಬುಟ್ಟಿಯನ್ನು ಎತ್ತಿಕೊಂಡು ಹೊರಟುಹೋದಳು. ಅವಳ ಮೈಮೇಲೆ ಯಾರೂ ಕೈ ಮಾಡಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಅದನ್ನೇ ನಾವು ದೊಡ್ಡ ಉಪಕಾರ ಎಂದುಕೊಂಡೆವು. ಆದರೆ ಅಡ್ಡಾದಲ್ಲಿ ಮಾತು ಹಬ್ಬಿತು. ಸಿಮೆಂಟ್ ಕಳ್ಳಿ ಎಂದು ಹೆಸರು ಬಿದ್ದ ಬಿಗಾರಿಯನ್ನು ಯಾವ ಗೌಂಡಿ ಕರೆಯುತ್ತಾನೆ? ಹದಿನೈದು ದಿನ ಬಂದು ನಿಂತು, ಸಂಜೆಯ ರೈಲಿಗೆ ಬರಿಗೈಯಲ್ಲಿ ಹೋದಳಂತೆ. ಆಮೇಲೆ ಬೀದರಿಗೆ ಬರುವುದನ್ನೇ ಬಿಟ್ಟಳಂತೆ. ಇದನ್ನೆಲ್ಲ ನಮಗೆ ಹಾಲಿನವನು ಹೇಳಿದ. ನಾನು "ಹೌದಾ" ಎಂದು ಹಾಲು ಅಳತೆ ಮಾಡಿಸಿಕೊಂಡೆ.

ಅತ್ತೆಗೆ ತಲೆ ಬಾಚಿಕೊಳ್ಳಲು ಆಗುತ್ತಿರಲಿಲ್ಲ. ದಿನಾ ಬೆಳಿಗ್ಗೆ ನಾನೇ ಬಾಚಿ ತುರುಬು ಕಟ್ಟುತ್ತಿದ್ದೆ. ನೆರೆಯವರ ಮುಂದೆ "ಸೊಸಿ ಅಂದ್ರ ಹಿಂಗಿರಬೇಕು" ಎನ್ನುತ್ತಿದ್ದರು. ಹೆಗಲು ನೋಯತೊಡಗಿದರೆ "ಆ ಬಿಗಾರಿ ಮುಂಡಿ ಕೈ ಸೇದಿಹೋಗ್ಲಿ" ಎಂದು ಶಪಿಸುತ್ತಿದ್ದರು. ನಾನು ಬಾಚುತ್ತಲೇ ಇರುತ್ತಿದ್ದೆ. ಎಂಟು ವರ್ಷ ಹೀಗೆ. ಒಂದು ದಿನವೂ "ಅವಳಲ್ಲ ಅತ್ತಿ, ನಾನು" ಎನ್ನಲಿಲ್ಲ. ನನ್ನ ಮೇಲೆ ನನಗಿರುವ ಸಿಟ್ಟಿನಲ್ಲಿ ದೊಡ್ಡ ಪಾಲು ಈ ಎಂಟು ವರ್ಷಗಳದ್ದು. ಅಂಗಳದಲ್ಲಿ ಹೆದರಿ ಬಾಯಿ ಮುಚ್ಚಿದ್ದು ಒಂದು ಗಳಿಗೆಯ ಮಾತು. ದಿನಾ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಫೋಟೋಕ್ಕೆ ಹೂವಿಟ್ಟು, ಮತ್ತೆ ಬಾಯಿ ಮುಚ್ಚಿಕೊಳ್ಳುವುದಕ್ಕೆ ಏನೆನ್ನಬೇಕು?

ಅತ್ತೆ ತೀರಿಕೊಂಡ ಮರುವರ್ಷ ನನಗೆ ಔರಾದಿಗೆ ವರ್ಗವಾಯಿತು, ಬೀದರಿನಿಂದಲೇ ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಅಲ್ಲಿ ಶಾಲೆಯ ಎರಡು ಕೋಣೆಗಳ ಮಾಳಿಗೆ ಸೋರುತ್ತಿತ್ತು, ಮಳೆಗಾಲಕ್ಕೆ ಮುಂಚೆ ದುರಸ್ತಿ ಶುರುವಾಯಿತು. ಒಂದು ದಿನ ಏಣಿಯ ಮೇಲೆ ಬುಟ್ಟಿ ಹೊತ್ತು ಹತ್ತುತ್ತಿದ್ದ ಹೆಂಗಸಿನ ಹಿಮ್ಮಡಿ ಕಂಡಿತು. ಮುಖ ನೋಡುವ ಮೊದಲೇ ಗುರುತು ಸಿಕ್ಕಿತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೆಳಗಿಳಿದು ನನ್ನನ್ನು ನೋಡಿ, ಬೆವರು ಒರೆಸಿಕೊಂಡು, ಅವಳು ಕೇಳಿದ ಮೊದಲ ಮಾತು ಇದು: "ಅಕ್ಕೋರ, ಗ್ವಾಡಿ ಒಣಗ್ಯಾದೇನ್ರಿ?"

ಒಣಗಿರಲಿಲ್ಲ. ಇನ್ನೊಬ್ಬ ಗೌಂಡಿ ಮತ್ತೆ ಸಿಮೆಂಟ್ ಬಳಿದಿದ್ದ, ಅದೂ ಉಬ್ಬಿಕೊಂಡಿತ್ತು. ನನಗೆ ಅಳು ಬಂತು. ಮಕ್ಕಳು ನೋಡುತ್ತಾರೆಂದು ಅವಳನ್ನು ಶಿಕ್ಷಕರ ಕೋಣೆಗೆ ಕರೆದುಕೊಂಡು ಹೋಗಿ, ಕುರ್ಚಿಯ ಮೇಲೆ ಕೂಡಿಸಿ, ನಾನು ಕುಡಿಯುವ ಕಪ್ಪಿನಲ್ಲೇ ಚಹಾ ಕೊಟ್ಟೆ. ತಪ್ಪಾಯಿತು ಮೌಶಿ, ಕ್ಷಮಿಸು ಎಂದೆ. ಅವಳು ಚಹಾ ಮುಟ್ಟಲಿಲ್ಲ.

"ಇಲ್ಲಿ ನಾಲ್ಕು ಗ್ವಾಡಿ ಒಳಗ ತಪ್ಪಾಯ್ತು ಅಂದ್ರ ಯಾರಿಗಿ ಕೇಳ್ತದ ಅಕ್ಕೋರ? ನನಗ ಕಳ್ಳಿ ಅಂದಿದ್ದು ಅಡ್ಡಾದಾಗ. ನನ್ನ ಮಗಳಿಗಿ ಕಳ್ಳಿ ಮಗಳು ಅಂತ ಎರಡ ಕಡಿ ಸಂಬಂಧ ಮುರದದ. ಅಡ್ಡಾಕ್ಕ ಬರ್ರಿ. ಮುಂಜಾನಿ ಎಲ್ಲಾರೂ ನಿಂತಿರ್ತಾರ. ಅವರ ಮುಂದ ಒಂದ ಮಾತು ಹೇಳ್ರಿ, ಮೌಶಿ ಕದ್ದಿಲ್ಲ ಅಂತ. ಮತ್ತೇನೂ ಬ್ಯಾಡ ನನಗ."

"ಬರ್ತೇನಿ. ಬರೋ ವಾರ ಸೂಟಿ ಹಾಕಿ ಬರ್ತೇನಿ" ಎಂದೆ.

"ಯಾವ ದಿನ?"

"ಯಾವುದಾದ್ರೂ ಒಂದು ದಿನ. ಖಂಡಿತ ಬರ್ತೇನಿ."

ಅವಳು ಎದ್ದು ಕೆಲಸಕ್ಕೆ ಹೋದಳು. ಚಹಾ ಹಾಗೆಯೇ ಉಳಿಯಿತು.

ಆ ವಾರ ಸೋಮವಾರ ಹೋಗಬೇಕೆಂದುಕೊಂಡೆ. ಅಡ್ಡಾದಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳ ತಂದೆಯರು ಇರುತ್ತಾರೆ, ಪರಿಚಯದವರು ಹಾದು ಹೋಗುತ್ತಾರೆ. ಮಂಗಳವಾರ ತಲೆನೋವು ಎಂದುಕೊಂಡೆ. ಬುಧವಾರ ಏನೋ ಪರೀಕ್ಷೆಯ ನೆಪ... ಹೀಗೆ ಶನಿವಾರ ಮುಗಿಯಿತು. ಭಾನುವಾರ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟುಕೊಂಡು ಆಟೋದಲ್ಲಿ ಅಡ್ಡಾಕ್ಕೆ ಹೋದೆ. ಚೌಕ ಖಾಲಿ. ಎರಡು ನಾಯಿ ಮಲಗಿದ್ದವು. ಅಂದು ಅಮಾವಾಸ್ಯೆ.

ನಮ್ಮ ಕಡೆ ಅಮಾವಾಸ್ಯೆಯ ದಿನ ಯಾವ ಗೌಂಡಿಯೂ ಥಾಪಿ ಮುಟ್ಟುವುದಿಲ್ಲ, ಯಾವ ಬಿಗಾರಿಯೂ ಬುಟ್ಟಿ ಎತ್ತುವುದಿಲ್ಲ. ಇದು ಬೀದರಿನಲ್ಲಿ ಹಸುಗೂಸಿಗೂ ಗೊತ್ತು. ಮನೆ ಕಟ್ಟಿಸುವವರಂತೂ ಅಮಾವಾಸ್ಯೆ ಲೆಕ್ಕ ಹಾಕಿಯೇ ಸ್ಲ್ಯಾಬಿನ ದಿನ ಗೊತ್ತುಮಾಡುತ್ತಾರೆ. ಮರೆತು ಹೋದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮನೆಯಿಂದ ಹೊರಡುವ ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ಕಪ್ಪು ಚುಕ್ಕೆಯನ್ನು ನೋಡಿಯೇ ಹೊರಟಿದ್ದೆ. ಯಾರೂ ಇರಬಾರದೆಂದೇ ಹೋದೆ. ಹೋಗಿದ್ದೆ, ಆದರೆ ಯಾರೂ ಸಿಗಲಿಲ್ಲ ಎಂದು ಹೇಳಿಕೊಳ್ಳಲು ಹೋದೆ. ಗೌಂಡಿ ಸುಳ್ಳು ಹೇಳಿ ತನ್ನ ಹೊಟ್ಟೆ ಹೊರೆದುಕೊಂಡ. ನಾನು ಹೊಟ್ಟೆ ತುಂಬಿದವಳು, ಸುಳ್ಳಿಗೆ ಒಳ್ಳೆಯ ಸೀರೆ ಉಡಿಸಿ ಆಟೋದಲ್ಲಿ ಕರೆದುಕೊಂಡು ಹೋದೆ.

ಔರಾದಿನ ಶಾಲೆಯ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಅವಳು ಮತ್ತೆ ಕಾಣಲಿಲ್ಲ. ನಾನೂ ಹುಡುಕಲಿಲ್ಲ.

ಹೋದ ವರ್ಷ ನಿವೃತ್ತಳಾದೆ. ಗೋಡೆ ಈಗ ಭುಜದವರೆಗೆ ತೇವ ಏರಿಸಿಕೊಂಡಿತ್ತು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಗಂಡನಿಗೆ ಎಲ್ಲ ಹೇಳಿದೆ. ಅವರು ತುತ್ತು ಕೆಳಗಿಟ್ಟರು. "ಅವ್ವ ಸಾಯೋ ತನಕ ಆ ಹೆಂಗಸಿಗಿ ಬೈದಳು" ಎಂದಷ್ಟೇ ಹೇಳಿ ಕೈ ತೊಳೆದುಕೊಂಡರು. ನನಗೆ ಬೈದಿದ್ದರೆ ಚೆನ್ನಾಗಿತ್ತು. ಮರುದಿನ ನಾನು ಭಾಲ್ಕಿಗೆ ಹೋದೆ. ಮೌಶಿಯನ್ನು ಕರೆತರಬೇಕು, ಅವಳು ಹೇಳಿದ ಹಾಗೆಯೇ ಗೋಡೆ ಕೆರೆಸಬೇಕು, ಬೇಸಿಗೆ ಮುಗಿದ ಮೇಲೆ ಅವಳ ಕೈಗೇ ಥಾಪಿ ಕೊಡಬೇಕು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಸುಣ್ಣದ ಕೆಲಸ ಬಲ್ಲ ಮೌಶಿ ಎಂದು ಸ್ಟೇಷನ್ ಹತ್ತಿರ ಕೇಳುತ್ತ ಕೇಳುತ್ತ ಅವಳ ಓಣಿ ಮುಟ್ಟಿದೆ.

ಬಾಗಿಲಲ್ಲಿ ಅವಳ ತಂಗಿಯ ಮಗಳು ತೊಗರಿ ಕೇರುತ್ತಿದ್ದಳು. ಮೌಶಿ ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಬೀದರಿನ ಶಾಲೆಯವಳೆಂದು ಕೇಳಿದೊಡನೆ ಅವಳು ಮೊರ ಕೆಳಗಿಟ್ಟಳು.

"ನೀವ ಆ ಅಕ್ಕೋರೇನ್ರಿ? ಅಡ್ಡಾಕ್ಕ ಬರ್ತೇನಿ ಅಂದವರು?"

"ಬಂದಿದ್ದೆ..." ಎಂದೆ. ಆಗಲೂ ಬಾಯಿಗೆ ಮೊದಲು ಬಂದದ್ದು ಅದೇ.

"ಯಾವಾಗ ಬಂದಿದ್ರಿ? ಸೋಮಾರದಿಂದ ಶನಿವಾರ ತನಕ ದಿನಾ ಮುಂಜಾನಿ ರೈಲಿಗಿ ಹೋಗಿ ನಿಂತಾಳ ನಮ್ಮ ದೊಡ್ಡವ್ವ. ಔರಾದದಾಗ ಕೆಲಸ ಬಿಟ್ಟು ಹೋಗ್ಯಾಳ. ಅಡ್ಡಾದವರ ಬಾಯಾಗಿನ ಮಾತು ಕೇಳ್ಕೋತ, ಒಂದ ಮೂಲ್ಯಾಗ ನಿಂತಾಳ ಆರು ದಿನ. ಐತವಾರ ಅಮಾಸಿ ಇತ್ತು. ಇವತ್ತೂ ಹೋಗಿ ನೋಡ್ತೀಯೇನು ಅಂತ ನಾನ ಕೇಳ್ದೆ. ಅಮಾಸಿಗಿ ಅಡ್ಡಾ ಇರಂಗಿಲ್ಲಂತ ಅಕ್ಕೋರಿಗಿ ಗೊತ್ತದ, ಅಷ್ಟ್ ಓದ್ಯಾರ, ಇವತ್ತ ಯಾಕ ಬರ್ತಾರ ಅಂದಳು. ಮನ್ಯಾಗ ಉಳದಳು."

ನಾನು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಅವಳು ನೀರು ಬೇಕೇ ಎಂದು ಕೇಳಲಿಲ್ಲ. ಮೊರ ಎತ್ತಿಕೊಂಡು ಕೇರತೊಡಗಿದಳು. ಹೊಟ್ಟು ನನ್ನ ಸೀರೆಯ ಮೇಲೆ ಬೀಳುತ್ತಿತ್ತು, ಅವಳು ನಿಲ್ಲಿಸಲಿಲ್ಲ. ನಿಲ್ಲಿಸಬೇಕಾಗಿಯೂ ಇರಲಿಲ್ಲ.

ಈಗ ನಮ್ಮ ಗೋಡೆಯನ್ನು ಕೆರೆಸಿದ್ದೇನೆ. ಹಿಂದಿನ ಮಣ್ಣು ತೆಗೆಸಿದ್ದೇನೆ, ಮಾಳಿಗೆಯ ನೀರು ದೂರ ಬೀಳುವಂತೆ ದೋಣಿ ಹಾಕಿಸಿದ್ದೇನೆ. ಬಂದವರೆಲ್ಲ ಪಡಸಾಲೆಯ ಬೋಳು ಕಲ್ಲು ನೋಡಿ ಇದೇನಿದು ಎನ್ನುತ್ತಾರೆ. ಹೇಳುತ್ತೇನೆ, ಯಾರು ಹೇಳಿಕೊಟ್ಟದ್ದು ಎಂಬುದನ್ನೂ ಹೇಳುತ್ತೇನೆ. ಮೈದುನನಿಗೂ ಹೇಳಿದ್ದೆ. ಅವನು ಮೊಬೈಲಿನ ಹುಡುಗನನ್ನು ನಂಬಿದ, ಅವನ ಮಾತನ್ನೂ ಪೂರ್ತಿ ಕೇಳಲಿಲ್ಲ.

ಭಾಲ್ಕಿಯಿಂದ ಬಂದ ಮರುದಿನ, ಬುಧವಾರ, ಹುಣ್ಣಿಮೆಯೂ ಅಲ್ಲ ಅಮಾವಾಸ್ಯೆಯೂ ಅಲ್ಲ, ನಾನು ಮುಂಜಾನೆ ಅಡ್ಡಾಕ್ಕೆ ಹೋದೆ. ಚೌಕ ತುಂಬಿತ್ತು. ಥಾಪಿಗಳ ಚೀಲ ಹಿಡಿದ ಗಂಡಸರು ಒಂದು ಕಡೆ, ಬುಟ್ಟಿ ಹಿಡಿದ ಹೆಂಗಸರು ಒಂದು ಕಡೆ. ಹೆಚ್ಚಿನವರು ಇಪ್ಪತ್ತು ಮೂವತ್ತರ ಒಳಗಿನವರು. ಆಟೋದಿಂದ ಇಳಿಯುತ್ತಿದ್ದಂತೆ ಹತ್ತು ಹನ್ನೆರಡು ಜನ ಸುತ್ತುಗಟ್ಟಿದರು. ನಾನು ತರಗತಿಯಲ್ಲಿ ಹೇಳುವ ಹಾಗೆ ಗಟ್ಟಿ ದನಿಯಲ್ಲಿ ಹೇಳಿದೆ. ಇಪ್ಪತ್ತು ವರ್ಷದ ಹಿಂದೆ ನಮ್ಮ ಮನೆಯ ಪ್ಲಾಸ್ಟರ್ ಬಿತ್ತು, ಭಾಲ್ಕಿಯ ಮೌಶಿ ಸಿಮೆಂಟ್ ಕದ್ದಳೆಂದು ಇಲ್ಲಿ ಹೇಳಿದರು, ಅವಳು ಒಂದು ಹಿಡಿಯೂ ಕದ್ದಿಲ್ಲ, ಅದು ನನಗೆ ಗೊತ್ತಿತ್ತು, ನಾನು ಬಾಯಿ ಬಿಡಲಿಲ್ಲ ಎಂದೆ.

ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾವ ಮೌಶಿ?" ಎಂದು ಹಿಂದಿನಿಂದ ಯಾರೋ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಆ ಗೌಂಡಿಯ ಗುರುತು ಹೇಳಿದೆ, ಅವನೂ ಯಾರಿಗೂ ಗೊತ್ತಿರಲಿಲ್ಲ. ಅವಳನ್ನು ಕಳ್ಳಿ ಎಂದವರು ಒಬ್ಬರೂ ಅಲ್ಲಿ ಉಳಿದಿರಲಿಲ್ಲ.

ಮುಂದೆ ನಿಂತಿದ್ದವನು ನನ್ನ ಮಾತು ಮುಗಿಯುವವರೆಗೆ ಮರ್ಯಾದೆಯಿಂದ ಕಾದು, "ಕೆಲಸ ಏನದರಿ ಅಮ್ಮೋರ? ಎಷ್ಟ ಮಂದಿ ಬೇಕು?" ಎಂದ.

"ಕೆಲಸ ಇಲ್ಲಪ್ಪ" ಎಂದೆ.

"ಕೆಲಸ ಇಲ್ಲಂದ್ರ ಸ್ವಲ್ಪ ಸರಕೊಂಡು ನಿಂದ್ರರಿ. ಗಿರಾಕಿ ಬರೋ ಹೊತ್ತದ."

ನಾನು ಸರಿದು ನಿಂತೆ.